ಗೋಡೆಯಾಚೆಗಿಟ್ಟ ರೇಡಿಯೇಟರ್

ನವೆಂಬರ್ 20

ಕಡ್ಡಿ,

ಒಟ್ಟು ಎಷ್ಟಾಯಿತು ಅಂತ ಕೇಳಿದ್ದೀಯ. ತಗೋ. ತಾಮ್ರದ ಕೊಳವೆ, ಹಿತ್ತಾಳೆ ತಗಡು, ಬೆಸುಗೆ ಸೇರಿ ನಾಲ್ಕು ಸಾವಿರದ ನೂರು. ಕಪ್ಪು ರಬ್ಬರ್ ಪೈಪು ಹದಿನೆಂಟು ಅಡಿ, ನೀರು ಹೋಗಲು ಒಂಬತ್ತು, ಬರಲು ಒಂಬತ್ತು. ಪಾರದರ್ಶಕ ಪೈಪು ಒಂದು ಅಡಿ, ನಿನ್ನ ಹಟಕ್ಕೆ. ಬ್ಯಾಟರಿ ನೀರು ಆರು ಲೀಟರ್, ಅದರಲ್ಲಿ ನಾಲ್ಕು ನನ್ನ ದೆಸೆಯಿಂದ ಮೋರಿಗೆ. ಪಂಪು ಒಂದು, ಕ್ಲಿಪ್ಪು ಹತ್ತು, ಗೋಡೆಗೆ ತೂತು ಎರಡು. ಎಲ್ಲ ಕೂಡಿದರೆ ಹದಿನಾರು ಸಾವಿರದ ಆರುನೂರ ನಲವತ್ತು. ಈ ದುಡ್ಡಿಗೆ ಒಂದು ಲಾರಿಗೆ ಹೊಸ ರೇಡಿಯೇಟರ್ ಬರುತ್ತದೆ, ಲಾರಿ ಹತ್ತು ಟನ್ನು ಹೊರುತ್ತದೆ. ನಾವು ಇಷ್ಟೆಲ್ಲ ಮಾಡಿದ್ದು ಎರಡು ನಿಮಿಷದ ಮಾತಿಗೆ.

ಬಿಲ್ಲಿಗೆ ಬಾರದ ಖರ್ಚೂ ಇದೆ. ಸುಳ್ಳು ನಾಲ್ಕು. ಮೂರು ನನ್ನವು, ಒಂದು ನಿನ್ನದು.

ನಿನ್ನ ಕಾಗದಗಳನ್ನೂ, ನನ್ನವುಗಳ ನಕಲನ್ನೂ ಕಟ್ಟು ಕಟ್ಟಿ ಕಳಿಸುತ್ತಿದ್ದೇನೆ. ಬಿಲ್ಲಿಗೆ ಕಾರ್ಬನ್ ಇಡುವ ಕೈ, ಕಾಗದಕ್ಕೂ ಇಟ್ಟಿತ್ತು. ಮುಂದೆ ಯಾರಾದರೂ ಬಿಚ್ಚಿದರೆ ತಲೆಬುಡ ಗೊತ್ತಾಗಲಿ ಅಂತ, ನಿನಗೆ ಗೊತ್ತಿರುವುದನ್ನೂ ಬರೆದಿಡುತ್ತೇನೆ. ನಾನು ಲಾರಿ ರೇಡಿಯೇಟರ್ ರಿಪೇರಿಯವನು. ನೀನು ನನ್ನ ಅಕ್ಕನ ಮಗಳು. ಹಾಳಾದ ಹಳೆಯ ಕ್ಯಾಸೆಟ್ಟುಗಳಿಂದ ದನಿ ಸೋಸಿ ತೆಗೆಯುವುದು ನಿನ್ನ ಕಸುಬು. ಹೋದ ವರ್ಷದ ಡಿಸೆಂಬರಿನಲ್ಲಿ ಕಿವಿ ಡಾಕ್ಟರು ನನ್ನ ಎರಡೂ ಕಿವಿಯೊಳಗೆ ದೀಪ ಬಿಟ್ಟು ನೋಡಿ, "ಒಳಗಿನ ಸಣ್ಣ ಮೂಳೆ ಗಟ್ಟಿಯಾಗಿದೆ, ನರಾನೂ ಸೋಲ್ತಾ ಇದೆ. ಒಂದು ವರ್ಷ ಅಂದ್ಕೊಳ್ಳಿ" ಅಂದರು.

"ಉಪ್ಪು ಕಟ್ಟಿದೆ ಅನ್ನಿ" ಅಂದೆ.

"ಹಾಗೇ ಅಂದ್ಕೊಳ್ಳಿ. ಆದ್ರೆ ಕೆರೆದು ತೆಗೆಯೋಕಾಗಲ್ಲ" ಅಂದರು. ನನ್ನ ಕೈಗೆ ಕೊಟ್ಟಿದ್ದರೆ ಕೆರೆದೇಬಿಡುತ್ತಿದ್ದೆ ಅನ್ನುವುದು ಅವರಿಗೆ ಗೊತ್ತಿತ್ತು, ಅದಕ್ಕೇ ಹೇಳಿದ್ದು.

ಅವತ್ತೇ ಮನೆಗೆ ಬಂದು, ಮೂವತ್ತೊಂದು ವರ್ಷ ಕೇಳದೆ ಇಟ್ಟಿದ್ದ ಅಕ್ಕನ ಕ್ಯಾಸೆಟ್ಟನ್ನು ನಿನಗೆ ಕಳಿಸಿದೆ. ಕಿವಿ ಮುಚ್ಚುವ ಮೊದಲು ಒಂದು ಸಲ ಕೇಳಬೇಕು, ಅಷ್ಟೇ ನನ್ನ ಆಸೆ. ನಿನಗೆ ಮಾತ್ರ ಕಿವಿಯ ಸುದ್ದಿ ಹೇಳಲಿಲ್ಲ. ಅದು ಮೊದಲ ಸುಳ್ಳು. ಉಳಿದದ್ದು ಕಟ್ಟಿನೊಳಗಿದೆ.

ಮಾವ


ಜನವರಿ 11

ಮಾವ,

ಕ್ಯಾಸೆಟ್ಟು ಬಂತು. ಫೋನ್ ಮಾಡಿದರೆ "ಹಾಂ, ಹಾಂ, ಸರಿ" ಅಂತ ಅರ್ಧ ನಿಮಿಷದಲ್ಲಿ ಇಟ್ಟುಬಿಡುತ್ತೀರಿ. ಕರೆಯ ದುಡ್ಡು ನಿಮ್ಮದೇನಲ್ಲ, ನನ್ನದು. ಆದರೂ ಉಳಿಸಿದಿರಿ, ಇರಲಿ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನಿಗೆ ಓದು ಬರಹ ಬಾರದೆ, ಕಾಗದದ ಬದಲು ಮಾತಾಡಿ ಕಳಿಸಿದ ಕ್ಯಾಸೆಟ್ಟು ಅಂತ ಬರೆದಿದ್ದೀರಿ. ಇದು ಹೀಗೆ ಬೆಂದದ್ದು ಹೇಗೆ ಅಂತ ಬರೆದಿಲ್ಲ. ಡಬ್ಬಿ ಸೊಟ್ಟಗಾಗಿದೆ, ಒಳಗಿನ ಟೇಪು ಪಟ್ಟಿಯ ಅಂಚು ಒಣಗಿದ ಎಲೆಯ ಹಾಗೆ ಸುರುಟಿದೆ. ಹೊಸ ಡಬ್ಬಿಗೆ ಸುತ್ತಿ, ಒಂದೇ ಸಲ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆ. ಎರಡನೇ ಸಲ ಓಡಿಸಿದರೆ ಉದುರಿಹೋದೀತು. ಕೇಳಿದರೆ ಮರಳು ಸುರಿದ ಸದ್ದು. ಎರಡು ನಿಮಿಷದಷ್ಟು ಹೊತ್ತು ಮಾತ್ರ ಆ ಮರಳಿನಡಿಯಲ್ಲಿ ಏನೋ ಏರಿಳಿಯುತ್ತದೆ.

ಮರಳು ಸೋಸುವ ಲೆಕ್ಕ ದೊಡ್ಡದು. ಒಂದು ಸೆಕೆಂಡಿನ ದನಿಗೆ ಕಂಪ್ಯೂಟರು ಆರು ಗಂಟೆ ದುಡಿಯಬೇಕು. ನಾಲ್ಕನೇ ಗಂಟೆಗೆ ತೊಂಬತ್ತೈದು ಡಿಗ್ರಿ ಮುಟ್ಟಿ ತನ್ನಷ್ಟಕ್ಕೆ ಆರಿಹೋಗುತ್ತದೆ. ಒಳಗಿನ ಐದು ಫ್ಯಾನುಗಳ ಗೋಳು ಬೇರೆ. ಹೆಂಗಸಿನ ದನಿ ಯಾವ ಎತ್ತರದಲ್ಲಿರುತ್ತದೋ ಸರಿಯಾಗಿ ಅದೇ ಎತ್ತರದಲ್ಲಿ ಅವು ಕಿರುಗುಡುತ್ತವೆ. ಇದು ದನಿ, ಇದು ಕಸ ಅಂತ ಕೊನೆಗೆ ಆರಿಸಬೇಕಾದದ್ದು ನನ್ನ ಕಿವಿ. ಜಾತ್ರೆಯಲ್ಲಿ ಗುಟ್ಟು ಕೇಳಿಸಿಕೊಂಡ ಹಾಗಿದೆ ನನ್ನ ಪಾಡು.

ಆದ್ದರಿಂದ ಫ್ಯಾನು ಕಿತ್ತು ಕಂಪ್ಯೂಟರಿಗೆ ನೀರು ಹರಿಸುವುದೆಂದು ತೀರ್ಮಾನಿಸಿದ್ದೇನೆ. ನಗಬೇಡಿ. ಲೆಕ್ಕ ಮಾಡುವ ಕಂಪ್ಯೂಟರ್ ಚಿಪ್ಪಿನ ಮೇಲೆ ತಾಮ್ರದ ಬಿಲ್ಲೆ ಕೂರುತ್ತದೆ, ಅದರೊಳಗೆ ನೀರು ಓಡುತ್ತದೆ, ಬಿಸಿ ಹೊತ್ತು ರೇಡಿಯೇಟರಿಗೆ ಹೋಗುತ್ತದೆ. ಅಂಗಡಿಯವನು ಕೊಟ್ಟ ಪಟ್ಟಿ: ಪಾರದರ್ಶಕ ಪೈಪು, ಒಳಗೆ ಹರಿಸಲು ಹವಳದ ಬಣ್ಣದ ಕೂಲೆಂಟ್, ಅಲ್ಯೂಮಿನಿಯಂ ರೇಡಿಯೇಟರ್. ಚಿತ್ರದಲ್ಲಿ ಬಹಳ ಚೆನ್ನಾಗಿದೆ. ರೇಡಿಯೇಟರಿನ ಮಾತು ಬಂದಮೇಲೆ ನಿಮ್ಮನ್ನು ಕೇಳದಿರುವುದು ಹೇಗೆ?

ಕಡ್ಡಿ


ಜನವರಿ 24

ಕಡ್ಡಿ,

ನಕ್ಕೆ. ಪಕ್ಕದ ಟಯರಿನವನನ್ನೂ ಕರೆದು ಓದಿ ಹೇಳಿದೆ, ಅವನೂ ನಕ್ಕ. ಆಮೇಲೆ ಕಾಗದವನ್ನು ಇನ್ನೊಂದು ಸಲ ಓದಿದೆ. ಅಂಗೈಯಗಲದ ಚಿಪ್ಪು, ಓಡುವುದಿಲ್ಲ, ಭಾರ ಎಳೆಯುವುದಿಲ್ಲ, ಕೂತಲ್ಲೇ ತೊಂಬತ್ತೈದು ಡಿಗ್ರಿ ಏರುತ್ತದಲ್ಲ, ಅದು ಯಾವ ಘಾಟಿ ಹತ್ತುತ್ತಿದೆಯಪ್ಪಾ ಅನ್ನಿಸಿತು.

ಈಗ ಕೇಳು. ನಿನ್ನ ಅಂಗಡಿಯವನಿಗೆ ಚಿತ್ರ ಗೊತ್ತು, ನೀರು ಗೊತ್ತಿಲ್ಲ. ತಾಮ್ರದ ಬಿಲ್ಲೆ, ಅಲ್ಯೂಮಿನಿಯಂ ರೇಡಿಯೇಟರ್, ಎರಡಕ್ಕೂ ಒಂದೇ ನೀರು ಅಂದರೆ ಸವತಿಯರಿಗೆ ಒಂದೇ ಒಲೆ. ಮೇಲೆ ನೋಡಲು ತಣ್ಣಗಿರುತ್ತಾರೆ, ಒಳಗೆ ಒಬ್ಬಳು ಇನ್ನೊಬ್ಬಳನ್ನು ತಿನ್ನುತ್ತಾಳೆ. ಆರು ತಿಂಗಳಿಗೆ ಅಲ್ಯೂಮಿನಿಯಂ ತೂತು. ತಾಮ್ರಕ್ಕೆ ತಾಮ್ರ, ಹಿತ್ತಾಳೆಯೇ ನೆಂಟರು. ನಾನೇ ಮಾಡಿಕೊಡುತ್ತೇನೆ.

ಪಾರದರ್ಶಕ ಪೈಪು ಬೇಡ. ಬಿಸಿ ಹತ್ತಿದರೆ ಒಳಗಿನ ಜಿಡ್ಡು ಬಿಟ್ಟು ಮುದುಕನ ಕಣ್ಣಿನ ಹಾಗೆ ಮಂಜಾಗುತ್ತದೆ, ಆ ಜಿಡ್ಡು ಬಿಲ್ಲೆಯೊಳಗೆ ಕೂರುತ್ತದೆ. ಕಪ್ಪು ರಬ್ಬರ್ ಹಾಕು. ನೋಡಲು ಎಮ್ಮೆ, ಕೆಲಸಕ್ಕೆ ಹಸು. ಕೂಲೆಂಟಿಗೆ ಬಣ್ಣ ಯಾಕೆ, ಕುಡಿಯುವವರು ಯಾರು? ಬಣ್ಣ ಅಡಿಗೆ ಕೂರುತ್ತದೆ. ಬ್ಯಾಟರಿ ನೀರು ಹಾಕು, ತುಕ್ಕು ತಡೆಯುವ ಔಷಧಿ ಹತ್ತಕ್ಕೊಂದು ಪಾಲು ಬೆರೆಸು. ನಲ್ಲಿ ನೀರು ಹುಯ್ದೆಯೋ, ನನ್ನ ಮುಖ ನೋಡಬೇಡ.

ರೇಡಿಯೇಟರ್ ಕೋಣೆಯೊಳಗೆ ಇಡುವುದೇ ತಪ್ಪು. ಗೋಡೆಗೆ ಎರಡು ತೂತು ಕೊರೆಸಿ ಆಚೆಯ ಓಣಿಯಲ್ಲಿ ಇಡು. ಗಾಳಿ ಹಾಯುವ ತಗಡಿನ ರೆಕ್ಕೆ ವಿರಳವಾಗಿ ಬಿಟ್ಟು ದೊಡ್ಡದಾಗಿ ಮಾಡುತ್ತೇನೆ, ಮೆಲ್ಲಗೆ ತಿರುಗುವ ಒಂದೇ ಫ್ಯಾನು ಸಾಕು. ಒತ್ತಾಗಿ ರೆಕ್ಕೆಯಿಟ್ಟ ಸಣ್ಣ ರೇಡಿಯೇಟರಿಗೆ ಗಾಳಿ ತುರುಕಬೇಕು, ತುರುಕಿದರೆ ಗದ್ದಲ. ಈ ಮಾತನ್ನು ನನ್ನಿಂದ ತಗೋ. ಬಾಗಿಲು ತೆಗೆದ ಮೊದಲ ದಿನವೇ ಹನ್ನೊಂದು ಲಾರಿ ಸಾಲು ನಿಂತಿದ್ದ ಅಂಗಡಿ ನನ್ನದು.

ಕ್ಯಾಸೆಟ್ಟು ಬೆಂದದ್ದು ಎಂಜಿನ್ನಿನ ಮೇಲೆ. ನಿಮ್ಮಪ್ಪ, ಭಾವ, ತಂದುಕೊಟ್ಟಾಗ ಕೈಯಲ್ಲಿ ಗ್ರೀಸಿತ್ತು, "ಅಲ್ಲಿಡಿ" ಅಂದೆ. ಅವರು ಇಟ್ಟರು. ಅಷ್ಟೇ ಕತೆ.

ಅಕ್ಕನ ಮಾತು ಎಷ್ಟು ದಿನಕ್ಕೆ ಸಿಕ್ಕೀತು? ಬೇಗ ಆದರೆ ಒಳ್ಳೆಯದು.

ಮಾವ


ಫೆಬ್ರವರಿ 8

ಮಾವ,

ಹನ್ನೊಂದೇ? ನನ್ನ ಮದುವೆಯಲ್ಲಿ ಬೀಗರ ಮುಂದೆ ಒಂಬತ್ತು ಅಂದಿದ್ದಿರಿ. ನಿಮ್ಮ ಲಾರಿಗಳು ನಿಂತಲ್ಲೇ ಮರಿ ಹಾಕುತ್ತಿವೆ.

ರಬ್ಬರ್ ಪೈಪಿಗೆ ಒಪ್ಪಿದೆ, ಬ್ಯಾಟರಿ ನೀರಿಗೆ ಒಪ್ಪಿದೆ, ಗೋಡೆಯ ತೂತಿಗೂ ಒಪ್ಪಿದೆ. ಮನೆ ಮಾಲೀಕರಿಗೆ ಹೇಳಿದೆ. ಆತ "ಕಂಪ್ಯೂಟರ್‌ಗೆ ನೀರಾ? ಏನಮ್ಮಾ, ಸ್ನಾನ ಮಾಡಿಸ್ತೀಯಾ?" ಅಂದರು. ಬಾಡಿಗೆ ಏರಿಸಲಿಲ್ಲ, ಪುಣ್ಯ. ಆದರೆ ನನ್ನ ಕಣ್ಣೆದುರಿನ ಒಂದು ಅಡಿ ಮಾತ್ರ ಪಾರದರ್ಶಕ ಪೈಪೇ ಆಗಬೇಕು. ನೀರು ಹೋಗುವುದು ನನಗೆ ಕಾಣಬೇಕು. ಮಂಜಾದರೆ ಬದಲಿಸುತ್ತೇನೆ.

ಒಂದು ಮಾತು. ಎಂಜಿನ್ನಿನ ಮೇಲೆ ಬೆಂದ ಕತೆಯನ್ನು ಅಪ್ಪ ಬೇರೆ ಥರ ಹೇಳುತ್ತಿದ್ದರು. ನಿಮ್ಮ ಕೈಯಲ್ಲಿ ಗ್ರೀಸ್ ಇರಲಿಲ್ಲವಂತೆ. ಇರಲಿ, ಅವರೂ ಈಗಿಲ್ಲ. ಆದರೆ ಮೂವತ್ತೊಂದು ವರ್ಷ ಇಲ್ಲದ ಅವಸರ ಈಗೇಕೆ ಅಂತ ತಿಳಿಯುತ್ತಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀವು ದೊಣ್ಣೆ ಬೀಸಿ ಆಯಿತು, ನಾನೀಗ ಮಡಕೆ ಮಾಡುತ್ತಿದ್ದೇನೆ. ತಡೆಯಿರಿ.

ಕಡ್ಡಿ


ಮಾರ್ಚ್ 2

ಕಡ್ಡಿ,

ಭಾವ ಸುಳ್ಳು ಹೇಳುವವರಲ್ಲ. ಗ್ರೀಸ್ ಇರಲಿಲ್ಲ.

ಅಂಗಡಿ ತೆಗೆದ ದಿನ, ಮೊದಲ ರೇಡಿಯೇಟರಿಗೆ ಮೊದಲ ಚೊಂಬು ನೀರನ್ನು ಅಕ್ಕನೇ ಹುಯ್ಯಬೇಕು ಅಂತ ಮುಚ್ಚಳ ತೆಗೆದಿಟ್ಟು ಕಾದೆ. ನನ್ನನ್ನು ಸಾಕಿದವಳು, ಈ ಕಸುಬಿಗೆ ಹಚ್ಚಿದವಳು ಅವಳು. ಮಧ್ಯಾಹ್ನದ ತನಕ ಕಾದೆ, ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ, ಮಾತು ಬಿಟ್ಟೆ. ತಿಂಗಳ ಮೇಲೆ ಭಾವ ಕ್ಯಾಸೆಟ್ಟು ತಂದರು. "ನಿಮ್ಮಕ್ಕ ಮಾತಾಡಿದ್ದಾಳೆ, ಒಂದು ಸಲ ಕೇಳು" ಅಂದರು. ನಾನು ತಲೆ ಎತ್ತದೆ, ಓಡುತ್ತಿದ್ದ ಎಂಜಿನ್ ತೋರಿಸಿ "ಅಲ್ಲಿಡಿ" ಅಂದೆ. ಸಂಜೆಯ ತನಕ ಅಲ್ಲೇ ಇತ್ತು. ಬಿಸಿ ತೆಗೆಯುವುದೇ ಕಸುಬಾದವನು ಬಿಸಿಗೆ ಹಾಳು ಮಾಡಿದ ಒಂದೇ ಸಾಮಾನು ಅದು. ಮರುವರ್ಷ ಅಕ್ಕ ಹೋದಳು. ನಿನಗಾಗ ಮೂರು.

ಹೆಚ್ಚು ಬರೆದೆ. ರೇಡಿಯೇಟರ್ ಪಾರ್ಸೆಲ್ಲಿನಲ್ಲಿದೆ. ಕೆಳಗಿನ ತೊಟ್ಟಿಗೆ ಹಿತ್ತಾಳೆ ದಪ್ಪ ಹಾಕಿದ್ದೇನೆ, ಉಳಿದ ತುಂಡನ್ನೂ ಇಟ್ಟಿದ್ದೇನೆ, ಬಳಸಿಕೋ. ನೀರು ಹುಯ್ಯುವ ಮೊದಲು ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ ಬಕೆಟ್ಟಿನಲ್ಲಿ ಮುಳುಗಿಸು. ಗುಳ್ಳೆ ಬಂದರೆ ತೂತು. ಎಲ್ಲ ಜೋಡಿಸಿದ ಮೇಲೆ ಪ್ರತಿ ಕ್ಲಿಪ್ಪಿನ ಕೆಳಗೂ ಒಂದು ಹಾಳೆ ಇಟ್ಟು, ಕಂಪ್ಯೂಟರಿಗೆ ಕರೆಂಟು ಕೊಡದೆ ಬರೀ ಪಂಪನ್ನು ಒಂದು ದಿನ ಓಡಿಸು. ಹಾಳೆ ಒಣಗಿದ್ದರೆ ಗೆದ್ದೆ.

ಪಂಪಿನ ಮೇಲೆ ಅನುಮಾನ ಬಂದರೆ ಕಿವಿಯಿಂದ ಕೇಳಬೇಡ, ಕಿವಿ ಮೋಸ ಮಾಡುತ್ತದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚು. ಬೇರಿಂಗಿನ ಒಂದೊಂದು ಗುಂಡೂ ತಲೆಬುರುಡೆಯೊಳಗೆ ಬಂದು ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಇದನ್ನು ನನಗೆ ಕಲಿಸಿದ ಯಜಮಾನರು ಕೆಮ್ಮಿ ಕೆಮ್ಮಿ ಸತ್ತರು, ಆದರೆ ಒಂದು ಪಂಪನ್ನೂ ತಪ್ಪು ಹೇಳಲಿಲ್ಲ.

ಮಾವ


ಏಪ್ರಿಲ್ 3

ಮಾವ,

ನಿಮ್ಮ ಮಾರ್ಚ್ ಎರಡರ ಕಾಗದದ ಮೊದಲರ್ಧಕ್ಕೆ ಏನು ಬರೆಯಲಿ ತಿಳಿಯದೆ ಒಂದು ತಿಂಗಳು ಕಳೆಯಿತು. ಈಗಲೂ ತಿಳಿದಿಲ್ಲ. ಎರಡನೇ ಅರ್ಧಕ್ಕೆ ಬರೆಯುತ್ತೇನೆ.

ರೇಡಿಯೇಟರಿನ ಪೊಟ್ಟಣ ಬಿಚ್ಚಿದಾಗ ಕೋಣೆಗೆ ಬೆಳಕು ಬಂದ ಹಾಗಾಯಿತು. ಮುಟ್ಟಲು ಮನಸ್ಸು ಬರಲಿಲ್ಲ. ಬಕೆಟ್ಟಿನಲ್ಲಿ ಮುಳುಗಿಸಿದೆ, ಒಂದು ಗುಳ್ಳೆ ಇಲ್ಲ. ಎಲ್ಲ ಜೋಡಿಸಿ ಬ್ಯಾಟರಿ ನೀರು ತುಂಬಿದೆ. ಹಾಳೆ ಇಟ್ಟು ಪಂಪು ಓಡಿಸಿದೆ, ಒಂದು ಹನಿ ಸೋರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಒಂದು ಅಡಿ ಪಾರದರ್ಶಕ ಪೈಪಿನಲ್ಲಿ ನೀರು ಪಾಚಿ ಹಸಿರು. ಬಿಲ್ಲೆ ಬಿಚ್ಚಿ ನೋಡಿದರೆ ಒಳಗೆಲ್ಲ ಹಸಿರು ಕೊಳೆ. ಬೆಸುಗೆಗೆ ಹಾಕುವ ಆಸಿಡ್ ರೇಡಿಯೇಟರಿನೊಳಗೇ ಉಳಿದಿತ್ತು ಅಂತ ಇಲ್ಲಿನ ಮೆಕ್ಯಾನಿಕ್ಕು ಹೇಳಿದ. "ಯಾರಮ್ಮ ಮಾಡಿದ್ದು, ಹೊಸಬನಾ?" ಅಂದ. ನಾನು ಹೌದು ಅಂದೆ.

ಇಷ್ಟು ಅವಸರ ಮಾಡಿದ್ದು ಇದಕ್ಕೇನಾ? ಕಪ್ಪು ಪೈಪು ಮಾತ್ರ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಬಿಲ್ಲೆ ಕಟ್ಟಿಕೊಂಡು ಚಿಪ್ಪು ಸುಟ್ಟುಹೋಗುತ್ತಿತ್ತು.

ಕಡ್ಡಿ


ಏಪ್ರಿಲ್ 15

ಕಡ್ಡಿ,

ನಿನ್ನ ಒಂದು ಅಡಿ ಪೈಪಿಗೆ ನನ್ನ ನಮಸ್ಕಾರ. ನನ್ನ ತಪ್ಪು. ಬಿಸಿ ನೀರಿಗೆ ಅಡುಗೆ ಸೋಡಾ ಬೆರೆಸಿ ಮೂರು ಸಲ, ಬರೀ ಬ್ಯಾಟರಿ ನೀರಿನಲ್ಲಿ ಎರಡು ಸಲ ಕುಲುಕಿ ತೊಳೆ. ಎರಡು ನಿಮಿಷದಲ್ಲಿ ನೀರು ತಿಳಿಯಾಗದಿದ್ದರೆ ಇನ್ನೊಂದು ಸಲ.

ತೊಳೆದೆ ಅಂದುಕೊಂಡಿದ್ದೆ. ವಯಸ್ಸಾಯಿತು, ಅಷ್ಟೇ. ಕೆಲಸ ನಿಲ್ಲಿಸಬೇಡ.

ಮಾವ


(ಈ ಸಲ, ಕಟ್ಟು ಕಟ್ಟುವಾಗ, ಇಲ್ಲಿ ಒಂದು ಸಾಲು ಸೇರಿಸುತ್ತೇನೆ. ರೇಡಿಯೇಟರ್ ತೊಳೆದು ಮುಗಿಯಿತೋ ಇಲ್ಲವೋ ಅಂತ ನಾನು ಯಾವತ್ತೂ ನೋಡಿ ತಿಳಿದವನಲ್ಲ. ಒಳಗೆ ನೀರಿನ ಸದ್ದು ತೆಳ್ಳಗಾಗಬೇಕು, ಆಗ ಮುಗಿಯಿತು. ಅವತ್ತು ನನಗೆ ಸದ್ದು ತೆಳ್ಳಗಾದ ಹಾಗೆ ಕೇಳಿಸಿತ್ತು. ತೆಳ್ಳಗಾದದ್ದು ಕಿವಿ.)


ಮೇ 20

ಮಾವ,

ಹೇಗೆ ಬರೆಯಲಿ. ಕೂತು ಕೇಳಿ, ನಿಧಾನಕ್ಕೆ ಓದಿ.

ತೊಳೆದು, ಮತ್ತೆ ತುಂಬಿ, ಕಂಪ್ಯೂಟರನ್ನು ಆ ಕಡೆ ಈ ಕಡೆ ಓಲಾಡಿಸಿ ಗಾಳಿಗುಳ್ಳೆಯನ್ನೆಲ್ಲ ಹೊರಗೆ ಬಿಟ್ಟು, ಐದೂ ಫ್ಯಾನಿನ ತಂತಿ ಕಿತ್ತು, ಲೆಕ್ಕ ಶುರು ಮಾಡಿದೆ. ಯಂತ್ರ ನಡೆಯುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಪರದೆ ನೋಡಿದರೆ ಪೂರ್ತಿ ಬಲ ಹಾಕಿ ದುಡಿಯುತ್ತಿದೆ. ಬಿಸಿ ನಲವತ್ತೆಂಟು ಡಿಗ್ರಿ. ಮರುದಿನವೂ ನಲವತ್ತೆಂಟು. ವಾರದ ಮೇಲೂ ಅಷ್ಟೇ. ಓಣಿಗೆ ಹೋಗಿ ರೇಡಿಯೇಟರ್ ಮುಟ್ಟಿದರೆ ಬೆಚ್ಚಗಿದೆ. ಆ ಒಂದು ಅಡಿಯಲ್ಲಿ ನೀರು ಎಷ್ಟು ತಿಳಿಯಾಗಿದೆ ಅಂದರೆ, ಹರಿಯುತ್ತಿದೆ ಅಂತ ಕಾಣುವುದೇ ಇಲ್ಲ. ಒಮ್ಮೊಮ್ಮೆ ಸಾಸಿವೆಯಷ್ಟು ಗುಳ್ಳೆಯೊಂದು ಸರ್ರನೆ ಹೋದಾಗ ಮಾತ್ರ, ಅಯ್ಯೋ, ಇದು ಇಷ್ಟು ಜೋರಾಗಿ ಓಡುತ್ತಿದೆಯಲ್ಲ ಅಂತ ಮೈ ಜುಮ್ಮೆನ್ನುತ್ತದೆ.

ಆರು ವರ್ಷದಿಂದ ಈ ಕೋಣೆಯಲ್ಲಿ ಕೂತಿದ್ದೇನೆ. ಇದಕ್ಕೆ ಇಂಥ ಮೌನ ಇತ್ತು ಅಂತ ಗೊತ್ತಿರಲಿಲ್ಲ. ಮೇಲಿನ ಮನೆಯವರ ಗಡಿಯಾರ ಕೇಳುತ್ತದೆ. ನನ್ನ ಕಣ್ಣು ರೆಪ್ಪೆ ಬಡಿಯುವುದು ಕೇಳುತ್ತದೆ ಅಂದರೆ ನೀವು ನಂಬುವುದಿಲ್ಲ. ಅಂಥ ಮೌನದಲ್ಲಿ ಮರಳನ್ನು ಒಂದೊಂದು ಪದರ ತೆಗೆಯುತ್ತಿದ್ದೇನೆ. ಸದ್ಯಕ್ಕೆ ಯಾವುದೋ ಪಾತ್ರೆ ಇಟ್ಟ ಸದ್ದು ಸಿಕ್ಕಿದೆ. ಮಾತು ಇನ್ನೂ ಇಲ್ಲ.

ಈ ಮೌನದಿಂದ ಒಂದು ತೊಂದರೆ. ಪಂಪು ಈಗ ಮೆಲ್ಲಗೆ ಗುಂಯ್‌ಗುಡುವುದು ಎದ್ದು ಕೇಳುತ್ತದೆ. ಸ್ಕ್ರೂಡ್ರೈವರ್ ಕಚ್ಚಿದೆ. ಕೇಳಿಸಿತು, ಆದರೆ ಅದು ಆರೋಗ್ಯವೋ ರೋಗವೋ ನನಗೆ ತಿಳಿಯದು. ಅದರ ಸದ್ದನ್ನು ಒಂದು ಮೆಮೊರಿ ಕಾರ್ಡಿಗೆ ತುಂಬಿ ಇವತ್ತೇ ಕೊರಿಯರಿನಲ್ಲಿ ಬೇರೆ ಕಳಿಸಿದ್ದೇನೆ. ಕಾಗದ ಅಂಚೆಯಲ್ಲಿ ನಿಧಾನಕ್ಕೆ ಬರುತ್ತದೆ. ಕೇಳಿ, ಬೇರಿಂಗ್ ಹೇಗಿದೆ ಹೇಳಿ.

ಕಡ್ಡಿ


ಮೇ 23

ಕಡ್ಡಿ,

ಪೊಟ್ಟಣ ಬಂತು. ಕಾಗದ ಇಡದೆ ಬರೀ ಕಾರ್ಡು ಕಳಿಸಿದೆಯಲ್ಲ, ಅರ್ಥವಾಯಿತು. ಇಂಥದ್ದಕ್ಕೆ ಕಾಗದ ಬೇಡ.

ಕೇಳಿದೆ. ಬಾಗಿಲು ಹಾಕಿಕೊಂಡು ಮೂರು ಸಲ ಕೇಳಿದೆ. ಅಕ್ಕ ಅಕ್ಕನೇ. ಎಷ್ಟು ಸ್ಪಷ್ಟ, ನಿನ್ನೆ ಮಾತಾಡಿದ ಹಾಗಿದೆ. ಅದೇ ಗತ್ತು, ಅದೇ ಮೆದು. ನೀನು ಪಟ್ಟ ಪಾಡು ಸಾರ್ಥಕವಾಯಿತು ಮಗಳೇ. ಇನ್ನು ನೀನು ಆ ಕೆಲಸ ನಿಲ್ಲಿಸಬಹುದು. ನನಗೆ ಇಷ್ಟು ಸಾಕು.

ಮಾವ


ಜೂನ್ 1

ಮಾವ,

ಅದು ಪಂಪು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲು ನಗು ಬಂತು. ಆಮೇಲೆ ಒಂದೊಂದೇ ನೆನಪಾಯಿತು. ಅರ್ಧ ನಿಮಿಷದ ಫೋನು, ತೊಳೆಯದ ರೇಡಿಯೇಟರು, ಬೇಗ ಬೇಗ ಅಂದದ್ದು. ನಾನು ಅದನ್ನೆಲ್ಲ ನಿಮ್ಮ ಮುಂಗೋಪ ಅಂದುಕೊಂಡಿದ್ದೆ.

ಎಷ್ಟು ದಿನದಿಂದ? ಎಷ್ಟು ಉಳಿದಿದೆ?

ಕಡ್ಡಿ


ಜುಲೈ 10

ಮಾವ,

ಉತ್ತರ ಬರಲಿಲ್ಲ. ಟಯರಿನವರಿಗೆ ಫೋನ್ ಮಾಡಿದೆ. "ಅವರು ಚೆನ್ನಾಗೇ ಇದ್ದಾರಮ್ಮ, ಆದ್ರೆ ಈಗೀಗ ಲಾರಿ ಹಿಂದೆ ಬಂದ್ರೂ ಗೊತ್ತಾಗಲ್ಲ, ನಾನೇ ಕೈ ಹಿಡಿದು ಎಳೀತೀನಿ" ಅಂದರು. ನಾಚಿಕೆಗೆ ಉತ್ತರ ಬರೆಯುತ್ತಿಲ್ಲವಾದರೆ ನನ್ನಲ್ಲೂ ನಾಚಿಕೆಗೆ ಒಂದು ಕಾರಣವಿದೆ. ನೀವು ಬರೆದರೆ ನಾನೂ ಬರೆಯುತ್ತೇನೆ.

ಕಡ್ಡಿ


ಆಗಸ್ಟ್ 9

ಕಡ್ಡಿ,

ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ. ಬಾರಿಸಿದವರಿಗೆ ಅವಮಾನ ಅಂತ ಎಲ್ಲರೂ ತಿಳಿದಿದ್ದಾರೆ. ಕಿವುಡನಿಗೆ ಏನಾಗುತ್ತದೆ ಅಂತ ಯಾರೂ ಕೇಳಲಿಲ್ಲ. ಅವನು ತಲೆದೂಗುತ್ತಾನೆ.

ಎಡಗಿವಿ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಬಲಗಿವಿಯಲ್ಲಿ ಸ್ವಲ್ಪ ಗುಂಯ್ ಅನ್ನುವುದು ಬರುತ್ತದೆ. ನಿನ್ನ ಪಂಪು ಬಂದದ್ದು ಅದರಲ್ಲೇ. ಡಾಕ್ಟರು ಕೊಟ್ಟದ್ದು ಡಿಸೆಂಬರಿನ ತನಕ. ಕಾರ್ಡು ಹಾಕಿದೆ, ಗುಂಯ್ ಅಂತು. ಇದರೊಳಗೆಲ್ಲೋ ಅಕ್ಕ ಇದ್ದಾಳೆ, ನನಗೆ ತಲುಪುತ್ತಿಲ್ಲ ಅಂದುಕೊಂಡೆ. ಹಾಗಂತ ಬರೆದರೆ ನೀನು ಇನ್ನೂ ಆರು ತಿಂಗಳು ಕೂತು ಸೋಸುತ್ತೀಯ. ಬೇಡ ಅನ್ನಿಸಿತು. ಸಮಯವಿದ್ದಾಗ ಎಂಜಿನ್ನಿನ ಮೇಲಿಟ್ಟವನು ನಾನು, ಕಿವಿ ಹೋದಮೇಲೆ ಬಾಗಿಲು ತಟ್ಟಿದರೆ ಯಾರು ತೆಗೆಯಬೇಕು?

ಅವಳು ಏನು ಹೇಳಿದಳು ಅಂತ ನೀನು ಬರೆದು ಕಳಿಸಬಹುದು. ಆದರೆ ಬೇಡ. ಅಕ್ಕನಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಕಳಿಸಿದ್ದು ದನಿ.

ಪಂಪಿನ ಬೇರಿಂಗ್ ಚೆನ್ನಾಗಿದೆ. ಕಾರ್ಡು ಹಾಕಿದ ಸ್ಪೀಕರಿನ ಮೇಲೆ ಕೈಯಿಟ್ಟು ನೋಡಿದೆ, ಸಮವಾಗಿ ನಡುಗುತ್ತದೆ. ಅಡಿಗೆ ಒಂದು ಸ್ಪಂಜಿನ ತುಂಡು ಹಾಕು, ಸುಮ್ಮನಾಗುತ್ತದೆ.

ಮಾವ


ಸೆಪ್ಟೆಂಬರ್ 4

ಮಾವ,

ಸ್ಪಂಜು ಹಾಕಿದೆ. ಸುಮ್ಮನಾಯಿತು.

ಈಗ ನನ್ನ ಸರದಿ. ಮೇ ಇಪ್ಪತ್ತರಂದು, ಮಾತು ಇನ್ನೂ ಇಲ್ಲ, ಪಾತ್ರೆ ಸದ್ದು ಮಾತ್ರ ಅಂತ ಬರೆದೆ. ಸುಳ್ಳು. ಅದಕ್ಕೆ ಎರಡು ದಿನ ಮೊದಲೇ ಅಮ್ಮ ಬಂದಿದ್ದಳು. ನನಗೆ ಅವಳ ದನಿ ನೆನಪಿಲ್ಲ ಅಂತ ನಿಮಗೆ ಯಾವತ್ತೂ ಹೇಳಿರಲಿಲ್ಲ. ಮುಖಕ್ಕೆ ಒಂದು ಫೋಟೊ ಇದೆ, ದನಿಗೆ ಏನೂ ಇರಲಿಲ್ಲ. ಮೌನವಾದ ಕೋಣೆಯಲ್ಲಿ, ನೀರು ಕಾಣದಂತೆ ಓಡುತ್ತಿರುವಾಗ, ಮರಳಿನಿಂದ ಒಬ್ಬಳು ಎದ್ದು ಬಂದು ಗಂಟಲು ಸರಿಮಾಡಿಕೊಂಡಳು. ಮಾತಿಗೂ ಮೊದಲು ಬರೀ ಗಂಟಲು. ನಾನು ಮಾತಿನ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು ಅದೇ ಥರ. ಯಾರಿಂದ ಬಂತು ಅಂತ ಅವತ್ತು ಗೊತ್ತಾಯಿತು. ಕೈ ಮುಗಿಯಬೇಕೋ ಓಡಿಹೋಗಬೇಕೋ ತಿಳಿಯಲಿಲ್ಲ. ಒಂದಿಷ್ಟು ದಿನ ಅವಳನ್ನು ನನಗೊಬ್ಬಳಿಗೇ ಇಟ್ಟುಕೊಂಡೆ. ಅದಕ್ಕೇ ನಿಮಗೆ ಪಂಪು ಕಳಿಸಿದೆ.

ಬನ್ನಿ. ಒಂದು ರಾತ್ರಿ, ಅರ್ಧ ಹಗಲಿನ ಬಸ್ಸು. ಹಲ್ಲು ಗಟ್ಟಿಯಿವೆ ತಾನೇ? ನಿಮ್ಮ ಉದ್ದದ ಸ್ಕ್ರೂಡ್ರೈವರ್ ತನ್ನಿ.

ಕಡ್ಡಿ


ನವೆಂಬರ್ 22 (ಕಟ್ಟಿನ ಕೊನೆಯ ಹಾಳೆ)

ಕಡ್ಡಿ,

ಅಕ್ಟೋಬರಿನಲ್ಲಿ ನಿನ್ನ ಮನೆಗೆ ಬಂದದ್ದನ್ನು ನಿನಗೇ ಬರೆಯುವುದು ತಮಾಷೆ. ಆದರೆ ಅವತ್ತು ನಾನೇನೂ ಮಾತಾಡಲಿಲ್ಲ, ಆದ್ದರಿಂದ ನನ್ನ ಕಡೆಯ ಲೆಕ್ಕ ನಿನ್ನಲ್ಲಿಲ್ಲ.

ಮೊದಲು ಓಣಿಯಲ್ಲಿ ನಿಂತು ರೇಡಿಯೇಟರ್ ಮೇಲೆ ಕೈಯಿಟ್ಟೆ. ಜ್ವರದ ಮಗುವಿನ ಹಣೆಯಷ್ಟು ಬಿಸಿ. ಒಳಗೆ ಬಂದರೆ ನಿನ್ನ ಯಂತ್ರ ಕಪ್ಪು ಪೈಪು ಮೆತ್ತಿಕೊಂಡು ಕೂತಿತ್ತು, ಆ ಒಂದು ಅಡಿ ಮಾತ್ರ ಗಾಜಿನ ಹಾಗೆ. ನಲವತ್ತು ವರ್ಷ ಎಂಜಿನ್ನಿನ ನಡುವೆ ಬದುಕಿದವನು ನಾನು. ಯಂತ್ರ ದುಡಿಯುತ್ತಿದೆ ಅಂದರೆ ನೆಲ ನಡುಗಬೇಕು. ಇಲ್ಲಿ ಮೇಜಿನ ಮೇಲೆ ಅಂಗೈ ಊರಿದರೂ ಏನಿಲ್ಲ. ನಾನು ಕಿವುಡನಾದದ್ದಕ್ಕೆ ಹೀಗೋ ಅಂತ ನಿನ್ನ ಮುಖ ನೋಡಿದೆ. ನೀನು ನಿನ್ನ ಕಿವಿ ಮುಟ್ಟಿ ತೋರಿಸಿ, ಇಲ್ಲ ಅಂತ ತಲೆಯಾಡಿಸಿದೆ. ನಿನಗೂ ಕೇಳುತ್ತಿರಲಿಲ್ಲ. ಆ ಕೋಣೆಯಲ್ಲಿ ನಾವಿಬ್ಬರೂ ಸಮ.

ನೀನು ಸಣ್ಣ ಸ್ಪೀಕರಿನ ಕಾಗದ ಕಿತ್ತು, ಒಳಗಿನ ಸುರುಳಿಗೆ ಹಿತ್ತಾಳೆ ಬಿಲ್ಲೆ ಅಂಟಿಸಿದ್ದೆ. ನೋಡಿದ ಕೂಡಲೇ ಗುರುತು ಹಿಡಿದೆ, ನಾನು ಕಳಿಸಿದ ಉಳಿಕೆ ತುಂಡು. ಸ್ಕ್ರೂಡ್ರೈವರಿನ ತುದಿ ಬಿಲ್ಲೆಗಿಟ್ಟು ಹಿಡಿ ಕಚ್ಚಿದೆ. ನೀನು ಗುಂಡಿ ಒತ್ತಿದೆ.

ಅಕ್ಕ ನನ್ನ ಹಲ್ಲಿನಲ್ಲಿ ಮಾತಾಡಿದಳು.

ಕಿವಿಯಿಂದ ಕೇಳಿದರೆ ಮಾತು ಹೊರಗಿನಿಂದ ಬರುತ್ತದೆ. ಇದು ಹಾಗಿರಲಿಲ್ಲ. ನನ್ನ ದವಡೆಯಿಂದ, ಕಪಾಲದಿಂದ, ಹಣೆಯ ಹಿಂದಿನಿಂದ ಬಂತು. ನಾನೇ ನೆನೆಸಿಕೊಂಡ ಹಾಗೆ ಬಂತು, ಆದರೆ ನನಗೆ ಗೊತ್ತಿಲ್ಲದ್ದನ್ನು ಹೇಳುತ್ತಿತ್ತು. ಒಂದಕ್ಷರ ಬಿಡದೆ ಬರೆದಿಡುತ್ತೇನೆ, ನಾನು ಕೇಳಿದ್ದಕ್ಕೆ ಸಾಕ್ಷಿಯಾಗಿ:

"ದೀಪ ಹತ್ತಿದೆ, ಮಾತಾಡು ಅಂತಾರೆ ಇವರು. ಏನು ಮಾತಾಡ್ಲಿ... ನಾನು ಬಂದಿದ್ದೆ ಕಣೋ. ಎದುರು ಬೀದೀಲೇ ನಿಂತಿದ್ದೆ. ಮಗೂಗೆ ಜ್ವರ, ದಾರೀಲಿ ನನ್ನ ಮೈಮೇಲೆಲ್ಲ ಕಕ್ಕಿಬಿಟ್ಲು. ಆ ಅವತಾರದಲ್ಲಿ ಹತ್ತು ಜನರ ಮುಂದೆ ಹೇಗೆ ಬರ್ಲಿ? ನಿಂತ್ಕೊಂಡು ಲಾರಿ ಎಣಿಸ್ದೆ. ಏಳು. ಮೊದಲ್ನೇ ದಿನಾನೇ ಏಳು ಲಾರಿ ಬಂದಿದ್ವು ಕಣೋ ನಿನ್ನ ಬಾಗಿಲಿಗೆ. ಮನೆ ತನಕ ಎಣಿಸ್ಕೊಂಡೇ ಹೋದೆ. ನಿನ್ನ ನೀಲಿ ಅಂಗೀದು ಎರಡನೇ ಗುಂಡಿ ಇರ್ಲಿಲ್ಲ. ಬಾ ಒಂದಿನ, ಹಾಕ್ಕೊಡ್ತೀನಿ. ಅಷ್ಟೇ. ಏನ್ರೀ, ಇದನ್ನ ಆರಿಸೋದು ಹೇಗೆ?"

ಆಮೇಲೆ ಪಾತ್ರೆಯ ಸದ್ದು.

ನಾಲ್ಕು ಸಲ ಕೇಳಿದೆ. ಐದನೆಯ ಸಲಕ್ಕೆ ಹಲ್ಲು ನೋಯಿತು. ಊರಿಗೆ ಬಂದು ಡಾಕ್ಟರಿಗೆ ಸ್ಕ್ರೂಡ್ರೈವರ್ ತೋರಿಸಿದೆ. ಅವರು ಚೀಟಿಯಲ್ಲಿ "ನಾವೂ ಹೀಗೇ ಪರೀಕ್ಷೆ ಮಾಡೋದು, ನಮ್ಮದು ಸ್ವಲ್ಪ ಚಿಕ್ಕದು" ಅಂತ ಬರೆದುಕೊಟ್ಟು, ಫೀಸು ಮಾತ್ರ ದೊಡ್ಡದೇ ತಗೊಂಡರು. ನರ ಇರುವ ತನಕ ಈ ದಾರಿ ಇರುತ್ತದಂತೆ. ಇನ್ನೊಂದು ವರ್ಷ ಇರಬಹುದು, ಇಲ್ಲದೆಯೂ ಇರಬಹುದು. ನನ್ನ ಕೆಲಸ ಆಯಿತು.

ಈಗ ಯಾರಿಗೆ ಏನು ಬಂತು ಅಂತ ಬರೆದು ಕಟ್ಟು ಮುಚ್ಚುತ್ತೇನೆ.

ಪೈಪಿನವನಿಗೆ ಹತ್ತೊಂಬತ್ತು ಅಡಿಯ ವ್ಯಾಪಾರ. ಡಾಕ್ಟರಿಗೆ ಎರಡು ಫೀಸು. ಮನೆ ಮಾಲೀಕರಿಗೆ ಎರಡು ತೂತು. ನಿನ್ನ ಕಂಪ್ಯೂಟರಿಗೆ ನಲವತ್ತೆಂಟು ಡಿಗ್ರಿ. ನಿನಗೆ ಸದ್ದಿಲ್ಲದ ಕೋಣೆ, ಎರಡು ನಿಮಿಷದ ತಾಯಿ, ಜೊತೆಗೆ ಇಷ್ಟಕ್ಕೆಲ್ಲ ಕಾರಣ ನಿನ್ನ ವಾಂತಿ ಅನ್ನುವ ಖ್ಯಾತಿ. ಅಕ್ಕ ಹುಯ್ಯಬೇಕಿದ್ದ ಮೊದಲ ಚೊಂಬು ನೀರನ್ನು, ನಾನು ಮಾಡಿದ ರೇಡಿಯೇಟರಿಗೆ, ಅವಳ ಮಗಳು ಹುಯ್ದಳು. ಅದು ಅಕ್ಕನ ಪಾಲಿಗೆ. ನನ್ನ ಪಾಲಿಗೆ ಒಂದು ಗುಂಡಿ ಬರಬೇಕಿತ್ತು, ಅದು ಬರುವುದಿಲ್ಲ. ನೀಲಿ ಅಂಗಿ ಎಂದೋ ಹರಿದು ಅಂಗಡಿಯ ಒರೆಸುವ ಬಟ್ಟೆಯಾಗಿಹೋಯಿತು.

ಇನ್ನೊಂದು ತಿದ್ದುಪಡಿ. ಅಕ್ಕ ಬಾರದ ದಿನ ಸಣ್ಣದಾಗಿ ಕಾಣಬಾರದು ಅಂತ ನಾನು ವರ್ಷವರ್ಷವೂ ಸೇರಿಸುತ್ತ ಬಂದವು ನಾಲ್ಕು. ಅವನ್ನು ಇಲ್ಲಿ ಕಳೆದಿದ್ದೇನೆ. ಮೊದಲ ದಿನ ಬಂದ ಲಾರಿ ಏಳು.

ಮಾವ